ಉಗುರು ಆಯುಧವೇ?

ಹಿರಣ್ಯಕಶಿಪು ಪಡೆದ ವರ ನಮಗೆಲ್ಲ ಗೊತ್ತಿರುವುದೇ. ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ, ಯಾವ ಆಯುಧದಿಂದಲೂ ಸಾವು ಬರಕೂಡದು. ನರಸಿಂಹ ಹೊಸ್ತಿಲ ಮೇಲೆ ಕುಳಿತು, ಸಂಜೆಯ ಹೊತ್ತಿನಲ್ಲಿ, ಉಗುರಿನಿಂದಲೇ ಅವನ ಹೊಟ್ಟೆ ಬಗೆದ. ಉಗುರು ಆಯುಧವಲ್ಲವಲ್ಲ! ಉಗುರು ಆಯುಧವೋ ಅಲ್ಲವೋ ಎಂಬ ಇದೇ ಪ್ರಶ್ನೆಯನ್ನು ಹಿಡಿದು ಇಂದಿನ ಹುಡುಗ ಹುಡುಗಿಯರು ಗಂಟೆಗಟ್ಟಲೆ ವಾದಿಸುವ ಒಂದು ಆಟವಿದೆ ಎಂದರೆ ನಂಬುವಿರಾ?

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ 1974ರಲ್ಲಿ ಅಮೆರಿಕದಲ್ಲಿ ಮೂರು ಪುಟ್ಟ ಪುಸ್ತಕಗಳಾಗಿ ಹೊರಬಂತು. ಇದಕ್ಕೆ ಟಿ.ವಿ. ಬೇಡ, ಕಂಪ್ಯೂಟರೂ ಬೇಡ. ಮೇಜಿನ ಸುತ್ತ ನಾಲ್ಕೈದು ಮಂದಿ, ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ‘ಡಂಜನ್ ಮಾಸ್ಟರ್’ ಎಂಬಾತ ಯಕ್ಷಗಾನದ ಭಾಗವತರಂತೆ ಕಥೆ ನಡೆಸುತ್ತಾನೆ. ಮಿಕ್ಕವರು ಒಂದೊಂದು ಪಾತ್ರ ವಹಿಸುತ್ತಾರೆ. ಕಾಳಗ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಿ ಪೆಟ್ಟು ತಗುಲಿತೇ ಎಂದು ನೋಡುವುದು, ಬೇರೆ ದಾಳದಿಂದ ಗಾಯ ಎಷ್ಟೆಂದು ಲೆಕ್ಕ ಹಾಕುವುದು – ಇದು ಕ್ರಮ.

ಮುಂಬಯಿಯ ನಮ್ಮ ಮನೆಯಲ್ಲಿ ಮಗ ಮತ್ತು ಅವನ ಗೆಳೆಯರು ಭಾನುವಾರಗಳಲ್ಲಿ ಇದನ್ನು ಆಡುತ್ತಾರೆ. ಅವಲಕ್ಕಿ, ಕಾಫಿ ಕೊಡುತ್ತ ಕೊಡುತ್ತ ನಾನೂ ನಿಯಮದ ಪುಸ್ತಕಗಳನ್ನು ಓದಿದೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು!

2003ರಲ್ಲಿ ಬಂದ ಆವೃತ್ತಿಯನ್ನೇ ನೋಡಿ. ಅದರಲ್ಲಿ ಸಾಮಾನ್ಯ ಮನುಷ್ಯನ ಬರಿಗೈ ಗುದ್ದಿಗೆ 1ರಿಂದ 3ರಷ್ಟು ಮಾತ್ರ ಪೆಟ್ಟು, ಅದೂ ಪ್ರಾಣ ತೆಗೆಯುವ ಪೆಟ್ಟಲ್ಲ. ಆಯುಧ ಹಿಡಿದವನ ಮೇಲೆ ಬರಿಗೈಯಲ್ಲಿ ನುಗ್ಗಿದರೆ ಅವನಿಗೇ ಮೊದಲು ಒಂದು ಹೊಡೆತದ ಅವಕಾಶ. ಮೃಗಗಳ ಹಲ್ಲು, ಪಂಜ, ಕೊಂಬುಗಳು ಮಾತ್ರ ‘ಸಹಜ ಆಯುಧ’ಗಳು; ಅವುಗಳಿಗೆ ಈ ತೊಡಕಿಲ್ಲ. ಹುಲಿ ಒಂದೇ ಸರದಿಯಲ್ಲಿ ಎರಡು ಪಂಜಗಳಿಂದ ಹೊಡೆದು, ಬಾಯಿಯಿಂದ ಕಚ್ಚಬಲ್ಲದು. ಆದರೆ ಕಚ್ಚುವುದು ಎರಡನೆಯ ದರ್ಜೆಯ ದಾಳಿಯಾದ್ದರಿಂದ ಅದರ ದಾಳದಲ್ಲಿ 5 ಕಳೆಯಬೇಕು. ನುರಿತ ಯೋಧ ಕತ್ತಿಯನ್ನು ಒಂದೇ ಸರದಿಯಲ್ಲಿ ಎರಡು ಮೂರು ಸಲ ಬೀಸಬಹುದು. ಹುಲಿ ಎಷ್ಟೇ ಪಳಗಿದ್ದರೂ ಒಂದು ಪಂಜಕ್ಕೆ ಒಂದೇ ಹೊಡೆತ. ಪಂಜವಿರುವ ಜೀವಿ ಕತ್ತಿ ಹಿಡಿದರೆ ಆ ಕೈಯ ಪಂಜ ಲೆಕ್ಕಕ್ಕಿಲ್ಲ. ಒಂದು ಕೈಗೆ ಒಂದೇ ಕೆಲಸ. ನ್ಯಾಯವೇ ಅಲ್ಲವೇ?

ಇನ್ನು ‘ಮಾಂಕ್’ ಎಂಬ ಪಾತ್ರವಿದೆ – ಬರಿಗೈ ಕಾಳಗದಲ್ಲಿ ಪಳಗಿದ ಸನ್ಯಾಸಿ. ಮಂತ್ರಶಕ್ತಿಯಿಂದ ಬಲ ತುಂಬುವಾಗ ಅವನ ಕೈಯನ್ನು ಕತ್ತಿಯಂತೆಯೂ ಎಣಿಸಬಹುದು, ಹುಲಿಯ ಪಂಜದಂತೆಯೂ ಎಣಿಸಬಹುದು ಎಂದು ಆ ಪುಸ್ತಕ ಹೇಳುತ್ತದೆ. 2014ರ ಆವೃತ್ತಿ ಬಂದಾಗ ಬರಿಗೈ ಪೆಟ್ಟನ್ನು ಮೊದಲು ಆಯುಧಗಳ ಪಟ್ಟಿಯಲ್ಲೇ ಅಚ್ಚು ಹಾಕಿ, ಆಮೇಲೆ ತಿದ್ದುಪಡಿ ಮಾಡಿ ತೆಗೆದರು. ಆ ಆವೃತ್ತಿಯಲ್ಲಿ ಮುಷ್ಟಿ ಆಯುಧವಲ್ಲ, ಪಂಜ ಆಯುಧ. ಆ ಲೆಕ್ಕದಲ್ಲಿ ಹಿರಣ್ಯಕಶಿಪು ಬದುಕಿಬಿಡುತ್ತಿದ್ದ!

ಇದರಿಂದಲೇ ನಮ್ಮ ಮನೆಯಲ್ಲೊಂದು ಜಟಾಪಟಿ ನಡೆಯಿತು. ಗುಂಪಿನ ಹುಡುಗಿಯೊಬ್ಬಳ ಪಾತ್ರ ಮಾಂಕ್ ವಿದ್ಯೆಯನ್ನೂ ಕಲಿತಿತ್ತು, ಕರಡಿಯ ರೂಪ ತಾಳುವ ಡ್ರೂಯಿಡ್ ವಿದ್ಯೆಯನ್ನೂ ಕಲಿತಿತ್ತು. ಕರಡಿಯಾಗಿ ಒಮ್ಮೆ ಕಚ್ಚಿ, ಒಮ್ಮೆ ಪಂಜದಿಂದ ಹೊಡೆದು, ಅದರ ಮೇಲೆ ಮಾಂಕ್‌ಗೆ ಸಿಗುವ ಹೆಚ್ಚುವರಿ ಗುದ್ದೂ ತನಗೆ ಬೇಕೆಂದು ಅವಳ ಹಟ. “ಆರು ತಿಂಗಳಿಂದ ಇದಕ್ಕೇ ಕಾದಿದ್ದೇನೆ ಆಂಟಿ, ನೀವೇ ಹೇಳಿ” ಎಂದು ನನ್ನನ್ನೂ ಎಳೆದಳು. ಡಂಜನ್ ಮಾಸ್ಟರ್ ನನ್ನ ಮಗ. ಗೆಳತಿಯ ಮನಸ್ಸು ನೋಯಿಸಬಾರದೆಂದು ಒಪ್ಪಿಬಿಡಬಹುದಿತ್ತು. ಒಪ್ಪಿದ್ದರೆ ಪಕ್ಕದಲ್ಲಿ ಕತ್ತಿ ಹಿಡಿದು ಕುಳಿತ ಇಬ್ಬರು ಹುಡುಗರ ಪಾತ್ರ ಬರೀ ಚಪ್ಪಾಳೆ ತಟ್ಟುವುದಕ್ಕೆ ಆಗುತ್ತಿತ್ತು. ಅವನು ಪುಸ್ತಕ ತೆರೆದು ಗಟ್ಟಿಯಾಗಿ ಓದಿದ. ಹೆಚ್ಚುವರಿ ಗುದ್ದು ಸಿಗುವುದು ಬರಿಗೈ ಪೆಟ್ಟು ಅಥವಾ ಮಾಂಕ್ ಬಳಸುವ ಆಯುಧದಿಂದ ದಾಳಿ ಮಾಡಿದಾಗ ಮಾತ್ರ. ಕರಡಿಯ ಪಂಜ ಎರಡೂ ಅಲ್ಲ. ಕರಡಿ ಬೇಕಾದರೆ ತಲೆಯಿಂದ ಡಿಕ್ಕಿ ಹೊಡೆಯಲಿ, ಅದು ಬರಿಗೈ ಪೆಟ್ಟಿನ ಲೆಕ್ಕ. ಆಗ ಹೆಚ್ಚುವರಿ ಗುದ್ದು ಸಿಗುತ್ತದೆ. ಆದರೆ ಆ ಸರದಿಯಲ್ಲಿ ಕಚ್ಚುವುದು, ಪರಚುವುದು ಎರಡೂ ಒಟ್ಟಿಗೆ ಇಲ್ಲ.

ಹುಡುಗಿ ಮುಖ ಊದಿಸಿಕೊಂಡು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಪುಸ್ತಕ ಎಳೆದುಕೊಂಡು ಓದತೊಡಗಿದಳು. ಎದುರಾಳಿಯನ್ನು ಸ್ತಂಭಿಸುವಂತೆ ಮಾಡುವ ಇನ್ನೊಂದು ವಿದ್ಯೆ ಮಾಂಕ್‌ಗೆ ಇದೆ. ಅಲ್ಲಿ ‘ಬರಿಗೈ ಪೆಟ್ಟು’ ಎಂದಿಲ್ಲ, ‘ಹತ್ತಿರದಿಂದ ಮಾಡುವ ಆಯುಧದಾಳಿ’ ಎಂದಿದೆ. ಪಂಜ ಆಯುಧವೆಂದು ಈಗತಾನೇ ತೀರ್ಪಾಗಿದೆಯಲ್ಲ! ಮಾಸ್ಟರ್ ಓದಿ ನೋಡಿ, ಮಾತಿಲ್ಲದೆ ಒಪ್ಪಿಕೊಂಡ. ಅವಳನ್ನು ಕಟ್ಟಿಹಾಕಿದ ತೀರ್ಪೇ ಅವಳ ಕೈ ಹಿಡಿಯಿತು. (2024ರ ಹೊಸ ಪುಸ್ತಕದಲ್ಲಿ ಈ ಬಾಗಿಲನ್ನೂ ಮುಚ್ಚಿದ್ದಾರೆ. ನಮ್ಮ ಮನೆಯವರದು 2014ರದೇ ಆಟ.)

ದೆವ್ವ, ರಾಕ್ಷಸರ ಆಟವಾಡಿ ಮಕ್ಕಳು ಕೆಡುತ್ತಾರೆಂದು ನಮ್ಮಲ್ಲಿ ಕೆಲವರಿಗೆ ಆತಂಕ. ನಾನು ಕಂಡದ್ದು ಬೇರೆ. ಒಂದು ಪದಕ್ಕೆ ಅರ್ಥವೇನೆಂದು ಅಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನಮ್ಮ ಕಾಲೇಜಿನ ತರಗತಿಗಳಲ್ಲೂ ನಾನು ನೋಡಿರಲಿಲ್ಲ. ತನಗೆ ನಷ್ಟವಾದಾಗಲೂ ನಿಯಮಕ್ಕೆ ತಲೆಬಾಗುವುದು, ಆಮೇಲೆ ಅದೇ ನಿಯಮದೊಳಗೆ ದಾರಿ ಹುಡುಕುವುದು – ಇದು ಆಟದ ಮೇಜಿನ ಮೇಲೆ ರೂಢಿಯಾದರೆ ಮುಂದೆ ಕಛೇರಿಯಲ್ಲೂ ಸಂಸಾರದಲ್ಲೂ ಕೆಲಸಕ್ಕೆ ಬರುವಂಥದ್ದು. ನಿಮ್ಮ ಮನೆಯ ಮಕ್ಕಳೂ ಈ ಆಟ ಆಡುತ್ತಿದ್ದರೆ ಗದರಿಸುವ ಮುನ್ನ ಪಕ್ಕದಲ್ಲಿ ಕುಳಿತು, “ಉಗುರು ಆಯುಧವೇನಪ್ಪಾ?” ಎಂದು ಕೇಳಿ ನೋಡಿ. ಆ ಸಂಜೆ ಮಾತಿಗೆ ಬರವಿರುವುದಿಲ್ಲ.