ಅಂಗೈಯಗಲದ ಮೋಟಾರು ಗಾಡಿಗಳು

ರಾಯಚೂರಿನ ಕೋಟೆಯನ್ನು ನೋಡಹೋದವರು ಒಳಕೋಟೆಯ ಪಶ್ಚಿಮದ ಗೋಡೆಯೆದುರು ನಿಲ್ಲದೆ ಮುಂದೆ ಸಾಗುವುದು ಕಡಿಮೆ. ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲು ಆ ಗೋಡೆಯಲ್ಲಿ ಮಲಗಿದೆ. ೧೨೯೪ರಲ್ಲಿ ಗೋರೆ ಗನ್ನಯ್ಯರೆಡ್ಡಿ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಸಾರುತ್ತದೆ. ಆದರೆ ನೋಡುವವರ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಶಾಸನದ ಅಕ್ಷರಗಳಲ್ಲ; ಅದರ ಸಮೀಪದಲ್ಲೇ ಕೆತ್ತಿರುವ ಪುಟ್ಟ ಚಿತ್ರ. ಆ ಮಹಾಶಿಲೆಯನ್ನು ಹೊತ್ತ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಅವನ್ನು ಹೊಡೆಯುವ ಆಳುಗಳು. ಅಷ್ಟು ದೊಡ್ಡ ಕಲ್ಲನ್ನು ತಂದ ಗಾಡಿ ಮುಂದಿನವರ ಕಣ್ಣಿಗೂ ಬೀಳಲೆಂದು, ಅದನ್ನು ಕಿರಿದು ಮಾಡಿ ಕಲ್ಲಿನಲ್ಲೇ ಉಳಿಸಿದವನು ಯಾವ ಶಿಲ್ಪಿಯೋ!

ಹೆಸರಾದ ವಾಹನವನ್ನು ಕಿರಿದಾಗಿಸಿ ಕಣ್ಣೆದುರು ಇಟ್ಟುಕೊಳ್ಳುವ ಈ ಆಸೆ ಇಂದಿಗೂ ಅಳಿದಿಲ್ಲ. ದೂರದರ್ಶನದ ತೆರೆಯ ಮೇಲೆ ಓಡಿದ ಕಾರುಗಳ ಪ್ರತಿಕೃತಿಗಳನ್ನು ಕೂಡಿಹಾಕುವವರು ಲೋಕದ ಹಲವು ದೇಶಗಳಲ್ಲಿದ್ದಾರೆ. ದೊಡ್ಡವರಿಗೆ ಇದೆಂಥ ಹುಚ್ಚು ಎಂದು ನಗುವವರಿಗೂ ಕೊರತೆಯಿಲ್ಲ. ನಗುವ ಮುನ್ನ ಅದರ ಕಥೆಯನ್ನಿಷ್ಟು ಕೇಳುವುದು ಒಳಿತು.

೧೯೩೦ರ ದಶಕದ ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಆಟದ ರೈಲುಗಳು ಮನೆಮನೆಗೆ ಪ್ರಿಯವಾಗಿದ್ದುವು. ರೈಲು ನಿಲ್ದಾಣದ ಬಳಿ ನಿಲ್ಲಿಸಲು ಅದೇ ಅಳತೆಯ ಮೋಟಾರುಗಳು ಬೇಕಾದುವು. ಆ ರೈಲುಗಳಲ್ಲಿ ನಿಜದ ಒಂದು ಅಡಿಗೆ ಏಳು ಮಿಲಿಮೀಟರಿನ ಲೆಕ್ಕ. ಅಂದರೆ ಹೆಚ್ಚುಕಡಿಮೆ ೪೩ರಲ್ಲಿ ಒಂದು ಪಾಲು. ಲಿವರ್‌ಪೂಲಿನ ಆ ಕಾರ್ಖಾನೆಯಿಂದ ಹೊರಟ ಗಾಡಿಗಳಿಗೆ ೧೯೩೪ರಲ್ಲಿ ‘ಡಿಂಕಿ’ ಎಂಬ ಹೆಸರಾಯಿತು. ರೈಲು ಹಿಂದೆ ಸರಿದರೂ ೪೩ರ ಅಳತೆ ಸಂಗ್ರಾಹಕರ ಪಾಲಿಗೆ ಸ್ಥಿರವಾಗಿ ನಿಂತುಬಿಟ್ಟಿತು. ನಮ್ಮ ಅಂಬಾಸಿಡರ್ ಕಾರನ್ನು ಈ ಲೆಕ್ಕದಲ್ಲಿ ಕುಗ್ಗಿಸಿದರೆ ಹತ್ತು ಸೆಂಟಿಮೀಟರ್; ರಾಯಚೂರು ಕೋಟೆಯ ಆ ಮಹಾಶಿಲೆ ಹನ್ನೊಂದೂವರೆ ಅಂಗುಲಕ್ಕೆ ಇಳಿದು ಪುಸ್ತಕದ ಕಪಾಟಿನಲ್ಲಿ ಕುಳಿತೀತು!

೧೯೫೬ರಲ್ಲಿ ‘ಕಾರ್ಗಿ’ ಎಂಬ ಪ್ರತಿಸ್ಪರ್ಧಿ ಹುಟ್ಟಿಕೊಂಡಿತು. ಟೆಲಿವಿಷನ್ನಿನ ಜನಪ್ರಿಯತೆಯನ್ನು ಆಟಿಕೆಗೆ ಇಳಿಸುವ ಚಾತುರ್ಯದಲ್ಲಿ ಇದನ್ನು ಮೀರಿಸಿದವರು ಅಪರೂಪ. ‘ದಿ ಸೇಂಟ್’ ಧಾರಾವಾಹಿಯ ನಾಯಕನಿಗೆ ಕಾರು ಕೊಡಲು ಜಾಗ್ವಾರ್ ಸಂಸ್ಥೆ ಒಪ್ಪಲಿಲ್ಲ. ವೋಲ್ವೊ ಮುಂದೆ ಬಂದಿತು. ಆ ಬಿಳಿಯ ವೋಲ್ವೊ ೧೯೬೫ರಲ್ಲಿ ಕಾರ್ಗಿಯ ಪೆಟ್ಟಿಗೆ ಸೇರಿ ಮಕ್ಕಳ ಕೈಗೆ ಬಂದಿತು.

ಇದಕ್ಕಿಂತ ಸೊಗಸಾದದ್ದು ಬ್ಯಾಟ್‌ಮನ್ನನ ಕಾರಿನ ಕಥೆ. ೧೯೫೫ರಲ್ಲಿ ಅಮೆರಿಕದ ಲಿಂಕನ್ ಸಂಸ್ಥೆ ಪ್ರದರ್ಶನಕ್ಕೆಂದೇ ‘ಫ್ಯೂಚುರಾ’ ಎಂಬ ವಿಚಿತ್ರಾಕಾರದ ಕಾರೊಂದನ್ನು ಇಟಲಿಯಲ್ಲಿ ಮಾಡಿಸಿತು. ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಡಾಲರ್. ಪ್ರದರ್ಶನಗಳು ಮುಗಿದ ಮೇಲೆ ಅದನ್ನು ಕೇಳುವವರಿಲ್ಲದೆ, ಜಾರ್ಜ್ ಬ್ಯಾರಿಸ್ ಎಂಬ ಕುಶಲಿಗೆ ಕೇವಲ ಒಂದು ಡಾಲರಿಗೆ ದೊರೆಯಿತು. ೧೯೬೬ರ ಧಾರಾವಾಹಿಗಾಗಿ ಬ್ಯಾರಿಸ್ ಅದಕ್ಕೆ ಬಾವಲಿಯ ರೆಕ್ಕೆ ಮೂಡಿಸಿ, ಕರಿಯ ಬಣ್ಣ ಬಳಿದು ಬೇರೆಯೇ ಅವತಾರ ಕೊಟ್ಟನು. ೨೦೧೩ರ ಹರಾಜಿನಲ್ಲಿ ಆ ಕಾರು ಶುಲ್ಕವೂ ಸೇರಿ ೪೬.೨ ಲಕ್ಷ ಡಾಲರಿಗೆ ಹೋಯಿತು.

ಮೂಲ ಕಾರು ಒಬ್ಬ ಧನಿಕನ ಪಾಲು. ಅದರ ಪ್ರತಿಕೃತಿಯಾದರೋ ೧೯೬೬ರಿಂದಲೇ ಲಕ್ಷಾಂತರ ಮಕ್ಕಳ ಪಾಲಾಗಿತ್ತು. ಕಾರ್ಗಿ ಮಾಡಿದ ಆ ಗಾಡಿ ಒಂದು ಗೇಣಿಗೂ ಕಡಿಮೆ. ಮೂತಿಯ ಮೇಲಿನ ಗುಂಡಿಯೊತ್ತಿದರೆ ಸರಪಳಿ ಕತ್ತರಿಸುವ ಅಲಗು ಹೊರಚಾಚುವುದು. ಗಾಲಿ ಉರುಳಿದಂತೆ ಹಿಂಬದಿಯಿಂದ ಕೆಂಪು ಬೆಂಕಿಯ ನಾಲಿಗೆ ಹೊರಗೂ ಒಳಗೂ ಆಡುವುದು. ಆಸನದ ಹಿಂದಿನ ಮೂರು ನಳಿಗೆಗಳಿಂದ ಪ್ಲಾಸ್ಟಿಕ್ಕಿನ ಕಿರುಬಾಣಗಳು ಚಿಮ್ಮುವುವು. ಪೆಟ್ಟಿಗೆಯಲ್ಲಿ ಹನ್ನೆರಡು ಬಾಣಗಳನ್ನು ಕೊಡುತ್ತಿದ್ದರು.

ಅದೇ ವರ್ಷ ಡಿಂಕಿಯವರು ‘ಥಂಡರ್‌ಬರ್ಡ್ಸ್’ ಧಾರಾವಾಹಿಯ ಆರು ಗಾಲಿಯ ಗುಲಾಬಿ ಕಾರನ್ನು ಹೊರತಂದರು. ಥಂಡರ್‌ಬರ್ಡ್ಸ್ ಸೂತ್ರದ ಗೊಂಬೆಗಳ ಆಟ. ಅಲ್ಲಿ ಓಡಿದ ಕಾರೂ ಕೃತಕವೇ. ಬೊಂಬೆಯಾಟದ ಕಾರಿಗೆ ಮತ್ತೊಂದು ಬೊಂಬೆಗಾಡಿ; ಇದನ್ನು ನಕಲಿನ ನಕಲೆನ್ನಬೇಕೋ, ಅಸಲೆಂದೇ ಎಣಿಸಬೇಕೋ ಎಂಬುದು ತರ್ಕಪಂಡಿತರಿಗೆ ಬಿಟ್ಟ ವಿಷಯ.

ಭಾರತಕ್ಕೂ ಈ ಕಥೆಯಲ್ಲಿ ಪಾಲುಂಟು. ೧೯೬೦ರ ದಶಕದ ಕೊನೆಯಲ್ಲಿ ಡಿಂಕಿಯ ಹಳೆಯ ಅಚ್ಚುಗಳಲ್ಲಿ ಕೆಲವು ಕಲ್ಕತ್ತೆಗೆ ಬಂದು, ‘ನಿಕ್ಕಿ’ ಎಂಬ ಹೆಸರಿನ ಗಾಡಿಗಳಾದುವು. ಲಿವರ್‌ಪೂಲಿನ ನಯವಾಗಲಿ ಬಣ್ಣದ ಹೊಳಪಾಗಲಿ ಅವಕ್ಕೆ ಬರಲಿಲ್ಲ. ಆದರೂ ಡಿಂಕಿಯ ಕಾರ್ಖಾನೆ ೧೯೭೯ರಲ್ಲಿ ಬಾಗಿಲು ಹಾಕಿತು. ಆ ಒರಟು ನಿಕ್ಕಿಗಳನ್ನು ಇಂದು ಪರದೇಶದ ಸಂಗ್ರಾಹಕರೇ ಹುಡುಕುತ್ತಾರೆ.

ರಾಯಚೂರಿನ ಹಳ್ಳಿಗಳಿಗೆ ಟೆಲಿವಿಷನ್ ಬಂದದ್ದೂ ಒಂದು ವಿಶೇಷವೇ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಆರು ರಾಜ್ಯಗಳ ಆಯ್ದ ಹಳ್ಳಿಗಳಿಗೆ ಕಾರ್ಯಕ್ರಮಗಳು ಬಿತ್ತರವಾದುವು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು ೧೯೮೧ರಲ್ಲಿ. ರಾಜಧಾನಿಯ ನಾಗರಿಕರಿಗಿಂತ ಮೊದಲೇ ಇಲ್ಲಿನ ಹಳ್ಳಿಗರು ತಂತಿಜಾಲರಿಯ ದೊಡ್ಡ ಛತ್ರಿಯ ನೆರಳಲ್ಲಿ ಕುಳಿತು ಕನ್ನಡದ ಚಿತ್ರಗಳನ್ನು ಕಂಡರು. ಬೇಸಾಯ, ಆರೋಗ್ಯ, ಬೆಳಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ: ಅದರಲ್ಲಿ ಬಾವಲಿಕಾರಿಗೆಲ್ಲಿಯ ಎಡೆ? ಪರದೇಶದ ಧಾರಾವಾಹಿಗಳೂ ಮಾತನಾಡುವ ಕಾರುಗಳೂ ಊರುಗಳ ಮನೆಯೊಳಗೆ ಹೆಚ್ಚಾಗಿ ಬಂದದ್ದು ಕೇಬಲ್ ಬಂದ ಮೇಲೆ.

ಅಲ್ಲಿಯವರೆಗೆ ದೇವದುರ್ಗ, ಮಾನ್ವಿಯ ಕಡೆಯ ಮಕ್ಕಳಿಗೆ ಗಾಡಿಯಿರಲಿಲ್ಲವೆಂದಲ್ಲ. ಜೋಳದ ದಂಟನ್ನು ಸೀಳಿ, ಬೆಂಡಿಗೆ ಸಿಬಿರು ಚುಚ್ಚಿ ಮಾಡಿದ ಬಂಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ತಿದ್ದಿದ ಜೋಡಿ ಎತ್ತು. ಮಗು ದಿನವೂ ಕಾಣುವ ಬಂಡಿಯ ಪಡಿಯಚ್ಚೇ ಅದು. ವೆಚ್ಚ ಒಂದು ಕಾಸೂ ಇಲ್ಲ. ಮುರಿದರೆ ಅಳುವೂ ಇಲ್ಲ, ಹೊಲದಲ್ಲಿ ದಂಟು ಬೇಕಾದಷ್ಟಿದೆ.

ಬೆಲೆಯುಳ್ಳ ಲೋಹದ ಕಾರಿನ ಪಾಡು ಹಾಗಲ್ಲ. ಇಲ್ಲಿಯೇ ಸಂಗ್ರಾಹಕನಿಗೂ ಮಗುವಿಗೂ ಜಗಳ ಹುಟ್ಟುವುದು. ಪೆಟ್ಟಿಗೆಯೊಡೆಯದ, ಬಣ್ಣ ಕೆಡದ, ಹನ್ನೆರಡು ಬಾಣಗಳೂ ಉಳಿದ ಗಾಡಿಗೆ ದೊರೆವ ಬೆಲೆಯ ಸಣ್ಣ ಪಾಲೂ ಆಡಿ ಸವೆದದ್ದಕ್ಕೆ ಸಿಗದು. ಹೀಗಾಗಿ ಕೆಲವು ಮನೆಗಳಲ್ಲಿ ತಂದೆ ಗಾಜಿನ ಬೀರುವಿಗೆ ಬೀಗ ಹಾಕುತ್ತಾನೆ. ಮಗ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾನೆ. ತಾಯಿ ಇಬ್ಬರ ನಡುವೆ ರಾಜಿ ಮಾಡಿಸಲಾರದೆ, ಬೇರೊಂದು ಅಗ್ಗದ ಕಾರನ್ನು ತರಿಸುತ್ತಾಳೆ. ಮಗ ಅದನ್ನು ಮುಟ್ಟುವುದಿಲ್ಲ. ಅವನಿಗೆ ಬೇಕಾದದ್ದು ಬೀರುವಿನೊಳಗಿನದೇ.

ಬೀಗ ಹಾಕಿದರೂ ಭದ್ರವೆನ್ನುವಂತಿಲ್ಲ. ಈ ಗಾಡಿಗಳ ಮೈ ಸತುವಿನ ಮಿಶ್ರಲೋಹ. ಎರಕ ಹೊಯ್ಯುವಾಗ ಅದರಲ್ಲಿ ತುಸು ಸೀಸ ಬೆರೆತರೂ ಒಳಗೊಳಗೇ ಬಿರುಕು ಹಬ್ಬಿ, ವರ್ಷಗಳ ಮೇಲೆ ಇಡೀ ಗಾಡಿ ರೊಟ್ಟಿಯ ಚೂರಿನಂತೆ ಉದುರುತ್ತದೆ. ಯುದ್ಧಕ್ಕೆ ಮುಂಚಿನ ಡಿಂಕಿಗಳನ್ನು ಕಾಡುವ ಈ ರೋಗಕ್ಕೆ ಮದ್ದಿಲ್ಲ. ತೇವ, ಸೆಕೆಗಳಲ್ಲಿ ಅದು ಬೇಗ ಬಲಿಯುತ್ತದೆ. ರಾಯಚೂರಿನ ಬಿರುಬೇಸಗೆಯಲ್ಲಿ ತೇವದ ಭಯ ಕಡಿಮೆ. ಆದರೆ ಬಿಸಿಲು ಬೀಳುವ ಕಿಟಕಿಯ ಬಳಿ ಬಣ್ಣ ಮಾಸುತ್ತದೆ, ಮೆತ್ತನೆಯ ಟೈರು ಇಳಿದು ಕೆಳಗಿನ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಗೋಡೆಯ ಒಳಮೂಲೆಯ ನೆರಳೇ ಇವಕ್ಕೆ ಲೇಸು. ಕೊಳ್ಳುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ಹೊಸದಾಗಿ ಮುದ್ರಿಸಿದ ಹಳೆಯ ಮಾದರಿಯ ಪೆಟ್ಟಿಗೆಗಳೂ ಹೊಸದಾಗಿ ಎರೆದ ಬಾಣಗಳೂ ಧಾರಾಳವಾಗಿ ಮಾರಾಟಕ್ಕಿವೆ. ಬಾಣ ಹೊಸದೆಂದು ಹೇಳಿ ಮಾರುವವನು ಪ್ರಾಮಾಣಿಕ. ಹೇಳದವನ ಬಳಿ ಹಣ ಕಳೆದುಕೊಂಡವರು ಬಹಳ.

ನಿಜವಾದ ಹಳೆಯ ಬಾಣಗಳೆಲ್ಲ ಹೋದದ್ದೆಲ್ಲಿಗೆ? ಮಂಚದಡಿಗೆ, ಬೀರುವಿನ ಹಿಂದಕ್ಕೆ, ಕೆಲವು ಬೆಕ್ಕಿನ ಬಾಲದ ಗುರಿಗೆ. ೧೯೬೬ರಲ್ಲಿ ಏಳು ವರ್ಷದವನಾಗಿ ಅವನ್ನು ಹಾರಿಸಿದ ಹುಡುಗ ಅರವತ್ತೈದನ್ನು ದಾಟಿದ್ದಾನೆ; ಒಂದೊಂದು ಬಾಣಕ್ಕೂ ಹಣ ತೆತ್ತು ಮತ್ತೆ ಕೊಳ್ಳುತ್ತಿದ್ದಾನೆ. ಮೊಮ್ಮಗ ಪಕ್ಕದಲ್ಲಿ ನಿಂತು, “ಅಜ್ಜಾ, ಒಂದೇ ಒಂದು ಸಲ ಹಾರಿಸಲೇನು?” ಎಂದು ಕೇಳುತ್ತಾನೆ.