ಬೆಳಗಿನ ಮಂಜಿಗೆ ಹೆದರಬೇಡಿ, ಮೂಡಲ ಮೋಡಕ್ಕೆ ಹೆದರಿ

ಅಕ್ಕಿಹೆಬ್ಬಾಳು: ನವೆಂಬರ್ ಕಳೆಯುತ್ತಾ ಬಂತೆಂದರೆ ಈ ಹೋಬಳಿಯಲ್ಲಿ ಎಲ್ಲರ ಕತ್ತೂ ಮೇಲಕ್ಕೇ. ಹೊಲದಲ್ಲಿ ರಾಗಿ ಕುಯ್ದು ಬಿದ್ದಿರುತ್ತದೆ, ಗದ್ದೆಯಲ್ಲಿ ಭತ್ತ ಬಾಗಿರುತ್ತದೆ. ಆಕಾಶದಲ್ಲಿ ಒಂದು ಬಿಳಿ ತೇಪೆ ಕಂಡರೂ ಸಾಕು, ಟೀ ಅಂಗಡಿ ಬೆಂಚಿನ ಮೇಲೆ ‘ಏನಪ್ಪಾ, ಹುಯ್ತದಾ?’ ಎಂಬ ಪ್ರಶ್ನೆ ಏಳುತ್ತದೆ. ಟಾರ್ಪಾಲಿನ್ ಮಾರುವವರಿಗೆ ಮಾತ್ರ ಅದು ಶುಭ ಪ್ರಶ್ನೆ!

ಪ್ರಶ್ನೆ ಸರಿ, ನೋಡುವ ದಿಕ್ಕು ಸರಿಯಿಲ್ಲ. ಬೆಳಗ್ಗೆ ಹೇಮಾವತಿ ಹೊಳೆ ಮೇಲೆ ಮಂಜು ಕಂಡು ‘ಮೋಡ ಇಳ್ಕೊಂಡದೆ, ಇವತ್ತು ಕಣ ಬ್ಯಾಡ’ ಎನ್ನುವವರಿದ್ದಾರೆ. ಮಂಜೆಂದರೆ ನೆಲಕ್ಕಿಳಿದ ಮೋಡವೇ, ಸುಳ್ಳಲ್ಲ. ಆದರೆ ಹುಟ್ಟು ಬೇರೆ, ಗುಣ ಬೇರೆ.

ಮಾಗಿಯಲ್ಲಿ ರಾತ್ರಿ ಉದ್ದ. ಆಕಾಶ ಬೋಳಾಗಿದ್ದರೆ ಹಗಲು ಕಾದ ನೆಲ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ಗಾಳಿಯೂ ತಣಿಯುತ್ತದೆ. ತಣ್ಣನೆ ಗಾಳಿ ಹೆಚ್ಚು ಆವಿ ಹೊರಲಾರದು. ಮಿಕ್ಕಿದ್ದು ಹುಲ್ಲಿನ ಮೇಲೆ ಇಬ್ಬನಿ, ಗಾಳಿಯಲ್ಲಿ ಮಂಜು. ಹೊಳೆ, ನಾಲೆ, ಕೆಳಗಡೆ ಕನ್ನಂಬಾಡಿ ಹಿನ್ನೀರು ಇರುವಾಗ ಆವಿಗೆ ಇಲ್ಲೇನು ಬರ? ಅಂದರೆ ಇಂಥ ಮಂಜು ಕಟ್ಟಿತೆಂದರೆ ರಾತ್ರಿ ಮೋಡ ಇರಲಿಲ್ಲ ಎಂದೇ ಲೆಕ್ಕ. ಒಂಬತ್ತು ಗಂಟೆ ಬಿಸಿಲಿಗೆ ಕರಗಿ ಹೋಗುತ್ತದೆ. ಇಬ್ಬನಿ ಆರಿದ ಮೇಲೆ ಧಾರಾಳವಾಗಿ ಕಣ ಮಾಡಬಹುದು.

ಮೋಡದ ಕಥೆಯೇ ಬೇರೆ. ಅದಕ್ಕೆ ಗಾಳಿ ಮೇಲೇರಬೇಕು. ಮೇಲೆ ಒತ್ತಡ ಕಡಿಮೆ, ಏರಿದ ಗಾಳಿ ಉಬ್ಬುತ್ತದೆ, ಉಬ್ಬಿದ್ದು ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟವರ ಬೆರಳಿಗೆ ಇದು ಗೊತ್ತು. ಒಣ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಹೀಗೆ ತಣಿದಾಗ ಆವಿಯು ಧೂಳು, ಸಮುದ್ರದ ಉಪ್ಪಿನ ಪುಡಿಗೆ ಅಂಟಿ ಹನಿಯಾಗುತ್ತದೆ. ಹನಿಯೆಂದರೆ ಮಿಲಿಮೀಟರಿನ ನೂರನೇ ಒಂದು ಪಾಲು! ಅಂಥ ಹತ್ತು ಲಕ್ಷ ಕೂಡಿದರೆ ಒಂದು ಮಳೆಹನಿ. ಮಾಗಿ ಮಧ್ಯಾಹ್ನ ಹಿಂಜಿದ ಹತ್ತಿಯಂತೆ ತೇಲುವ ಮೋಡಗಳಿಗೆ ಅಷ್ಟು ಬಂಡವಾಳ ಎಲ್ಲಿಯದು? ಸಂಜೆಗೆ ಅಂಗಡಿ ಮುಚ್ಚುತ್ತವೆ.

ಬಂಡವಾಳ ಬರುವುದು ಬಂಗಾಳ ಕೊಲ್ಲಿಯಿಂದ. ಅನುರಾಧ, ಜ್ಯೇಷ್ಠ ನಕ್ಷತ್ರದ ದಿನಗಳಲ್ಲಿ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ಅಲ್ಲಿ ವಾಯುಭಾರ ಕುಸಿದರೆ ಇಲ್ಲಿ ಸೋನೆ. 2022ರ ಡಿಸೆಂಬರ್ 9ರ ರಾತ್ರಿ ‘ಮಾಂಡೌಸ್’ ಚಂಡಮಾರುತ ಮಹಾಬಲಿಪುರದ ಬಳಿ ದಡ ಮುಟ್ಟಿತು, ದಕ್ಷಿಣ ಒಳನಾಡಿಗೆ ಚಳಿ ಮಳೆ ತಂದಿತು. 2024ರ ನವೆಂಬರ್ 30ರಂದು ‘ಫೆಂಗಲ್’ ಪುದುಚೇರಿ ಬಳಿ ಹತ್ತಿತು. ಅದರ ಬಾಲ ಮಂಡ್ಯ, ಮೈಸೂರು ಕಡೆಯನ್ನೂ ನೆನೆಸಿತು. ಎರಡು ದಿನ ಸೋನೆ ಹಿಡಿದರೆ ಹೊಲದಲ್ಲಿ ಹರಡಿದ ರಾಗಿ ತೆನೆ ಕಪ್ಪಾಗುತ್ತದೆ, ಮೊಳಕೆಯೂ ಒಡೆಯುತ್ತದೆ. ಕಪ್ಪು ರಾಗಿಯನ್ನು ಕೇಳೋರಿಲ್ಲ, ಕೊಳೆತ ಹುಲ್ಲನ್ನು ದನವೂ ಮೂಸೋದಿಲ್ಲ. ವರ್ಷದ ಹಿಟ್ಟೂ ಹೋಯ್ತು, ಮೇವೂ ಹೋಯ್ತು.

ಬೇಕಾದಾಗ ಬರದೆ ಬೇಡವಾದಾಗ ಬರುವ ಈ ಮೋಡವನ್ನು ಪಳಗಿಸಲು ಸರ್ಕಾರವೂ ನೋಡಿತು. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂದು ವಿಮಾನ ಹಾರಿಸಿ ಮೋಡ ಬಿತ್ತನೆಯಾಯಿತು. ಬಿತ್ತಲಿಕ್ಕೂ ಮೋಡ ಇರಬೇಕಲ್ಲ!

ಹಾಗಾದರೆ ಸುಳಿವೇನು? ಮೊದಲು ಬಲು ಎತ್ತರದಲ್ಲಿ ಬಿಳಿ ಎಳೆಗಳು ಹರಡುತ್ತವೆ. ಚಂದ್ರನ ಸುತ್ತ ಬಳೆಯಂತೆ ಗುಡಿ ಕಟ್ಟುತ್ತದೆ. ಅದು ಎತ್ತರದ ಮಂಜುಗಡ್ಡೆ ಹರಳುಗಳ ಕೆಲಸ. ಗಾಳಿ ಮೂಡಲಿಂದ ಬೀಸುತ್ತದೆ. ರಾತ್ರಿ ಚಳಿ ದಿಢೀರನೆ ಇಳಿಯುತ್ತದೆ, ಮೋಡ ಕಂಬಳಿಯಂತೆ ನೆಲದ ಬಿಸಿಯನ್ನು ತಡೆಯುತ್ತದೆ. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಇಬ್ಬನಿಯೇ ಇಲ್ಲ. ‘ಅಬ್ಬಾ, ಚಳಿ ಕಡಿಮೆ ಆಯ್ತು’ ಎಂದು ಹಿಗ್ಗುವ ಆ ಬೆಳಗ್ಗೆಯೇ ರಾಗಿ ಕಟ್ಟಿ ಮೆದೆ ಹಾಕಬೇಕಾದದ್ದು. ಮೋಡ ಮುಸುಕಿದರೆ ಅವರೆಗೆ ಹೇನು ಬೀಳುತ್ತದೆ ಎಂಬುದೂ ರೈತರ ಅನುಭವ.

ಮಂಜು ರಾಗಿಗೆ ಕೇಡಲ್ಲ ಎಂದಮಾತ್ರಕ್ಕೆ ರಸ್ತೆಗೆ ಒಳ್ಳೆಯದೇನಲ್ಲ. ಕೆ.ಆರ್.ಪೇಟೆ ಕಡೆ ಮೊದಲ ಬಸ್ಸುಗಳು ದೀಪ ಹಾಕಿಕೊಂಡೇ ಬರಬೇಕು. ಟಾರು ರಸ್ತೆಯನ್ನೇ ಕಣ ಮಾಡಿಕೊಂಡು ಹುರುಳಿ, ರಾಗಿ ಹಾಸಿ, ಅಂಚಿಗೆ ಕಲ್ಲಿಟ್ಟು ಹೋದರೆ ಮಂಜಿನಲ್ಲಿ ಬೈಕಿನವನಿಗೆ ಆ ಕಲ್ಲು ಕಾಣೋದಿಲ್ಲ. ಸಂಜೆಯೇ ತೆಗೆದಿಡುವುದು ದೊಡ್ಡ ಕೆಲಸವೇನೂ ಅಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲೂ ಹವಾಮಾನ ಅಳೆಯುತ್ತದೆ. ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಹವಾಮಾನ ಇಲಾಖೆ ದಿನಗಳ ಮುಂಚೆಯೇ ಹೇಳುತ್ತದೆ. ಮದ್ರಾಸಿನ ಸುದ್ದಿ ನಮಗ್ಯಾಕೆ ಎಂದು ಚಾನಲ್ ಬದಲಿಸುವವರು ಕಣದಲ್ಲಿ ಏನಿದೆಯೆಂದು ಒಮ್ಮೆ ನೆನೆಸಿಕೊಳ್ಳಲಿ.

ಮೂಲ ನಕ್ಷತ್ರ ದಾಟಿದರೆ ಭಯ ಬಹುಪಾಲು ಮುಗಿಯಿತು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯಲ್ಲಿ ಜನವರಿ, ಫೆಬ್ರವರಿಯ ಪಾಲು ಬೆರಳೆಣಿಕೆಯಷ್ಟು. ಹೇಮಗಿರಿ ದನಗಳ ಜಾತ್ರೆ ಸೇರುವ ಹೊತ್ತಿಗೆ ಉಳಿಯುವುದು ಬರೀ ಚಳಿ. ಜೋಡೆತ್ತು ಹೊಡೆದುಕೊಂಡು ಹೋಗುವವರು ಕಂಬಳಿ ಮರೆಯದಿದ್ದರೆ ಸಾಕು, ಟಾರ್ಪಾಲಿನ್ ಮನೆಯಲ್ಲೇ ಬಿಟ್ಟು ಹೋಗಬಹುದು.