ನಕ್ಷತ್ರನೌಕೆಯ ಕ್ಯಾಪ್ಟನ್ನೂ ತಡವಾಗಿ ಬರುವ ಬೆಳಕೂ

ಮಕ್ಕಳೇ, ಬಾಹ್ಯಾಕಾಶ ಯುದ್ಧದ ಧಾರಾವಾಹಿಗಳನ್ನು ನಿಮ್ಮಲ್ಲಿ ಕೆಲವರಾದರೂ ಟಿವಿಯಲ್ಲೋ ಮೊಬೈಲಿನಲ್ಲೋ ನೋಡಿರುತ್ತೀರಿ. ದೊಡ್ಡ ನೌಕೆ, ಅದರ ನಡುಮಧ್ಯೆ ಒಂದು ಕುರ್ಚಿ, ಕುರ್ಚಿಯಲ್ಲಿ ಕ್ಯಾಪ್ಟನ್. ಎದುರಿನ ಪರದೆಯಲ್ಲಿ ಶತ್ರು ನೌಕೆ. "ಹೊಡೆಯಿರಿ" ಅಂದ ಕೂಡಲೇ ಢಂ! ನಿರ್ವಾತದಲ್ಲಿ ಶಬ್ದ ಹರಡುವುದಿಲ್ಲ ಎಂದು ಪಾಠದಲ್ಲಿ ಓದಿದವರಿಗೆ ಆ ಢಂ ಕೇಳಿ ನಗು ಬರುತ್ತದೆ. ನಗಬಹುದು. ಆದರೆ ಸದ್ದಿನ ತಪ್ಪು ಹಿಡಿದು ಸುಮ್ಮನಾದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಗಳು ತಪ್ಪಿಹೋಗುತ್ತವೆ. ಆ ಕುರ್ಚಿಯಲ್ಲಿ ಕೂತವರಿಗೆ ಶತ್ರುವಿನ ಬಗ್ಗೆ ನಿಜವಾಗಿ ಏನು ಗೊತ್ತಿರುತ್ತದೆ? ಅದು ಎಷ್ಟು ಹಳೆಯ ಸುದ್ದಿ? ಒಮ್ಮೆ ಕೊಟ್ಟ ಆಜ್ಞೆಯನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದಾ? ಎಷ್ಟೋ ಜನರ ಜೀವ ಈ ಮೂರರ ಮೇಲೆ ನಿಂತಿರುತ್ತದೆ.

ಹಳೆಯ ಉದಾಹರಣೆಯಿಂದ ಶುರು ಮಾಡೋಣ. ಅಮೆರಿಕದಲ್ಲಿ 1966ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಆರಂಭವಾಯಿತು. ಎಂಟರ್‌ಪ್ರೈಸ್ ಎಂಬ ನೌಕೆ, ಅದಕ್ಕೆ ಜೇಮ್ಸ್ ಕರ್ಕ್ ಕ್ಯಾಪ್ಟನ್. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ 'ಬ್ಯಾಲೆನ್ಸ್ ಆಫ್ ಟೆರರ್' ಎಂಬ ಕಂತಿನಲ್ಲಿ ರೊಮುಲನ್ನರ ನೌಕೆಯೊಂದು ಗಡಿ ಠಾಣೆಗಳನ್ನು ಒಂದೊಂದಾಗಿ ನಾಶ ಮಾಡುತ್ತಾ ಬರುತ್ತದೆ. ಆ ನೌಕೆ ಕಣ್ಣಿಗೆ ಕಾಣುವುದಿಲ್ಲ, ಮಾಯವಾಗುವ ಉಪಕರಣ ಅದರಲ್ಲಿದೆ. ಆದರೆ ಹೊಡೆಯಬೇಕಾದರೆ ಅದು ಕಾಣಿಸಿಕೊಳ್ಳಲೇಬೇಕು. ಕರ್ಕ್‌ನ ಸಂಕಟ ನೋಡಿ. ಅದನ್ನು ಸುಮ್ಮನೆ ವಾಪಸ್ ಹೋಗಲು ಬಿಟ್ಟರೆ ಇವರು ದುರ್ಬಲರು ಅಂದುಕೊಂಡು ರೊಮುಲನ್ನರು ಯುದ್ಧ ಹೂಡಬಹುದು. ಬೆನ್ನಟ್ಟಿ ಗಡಿ ದಾಟಿದರೂ ಯುದ್ಧವೇ. ಬಂದೂಕಿನ ಗುಂಡಿ ಒತ್ತುವುದು ಇಲ್ಲಿ ಚಿಕ್ಕ ಕೆಲಸ. ಕಂತಿನ ಬಹುಭಾಗದಲ್ಲಿ ಕ್ಯಾಪ್ಟನ್ ಕಾಯುತ್ತಾನೆ, ಊಹಿಸುತ್ತಾನೆ, ಜೊತೆಯವರನ್ನು ಕೇಳುತ್ತಾನೆ. ಆ ಕಡೆಯ ಕಮಾಂಡರ್ ಕೂಡ ಅಷ್ಟೇ ಬುದ್ಧಿವಂತ.

ಇದು ನಿಜವಾಗಿ ಸಬ್‌ಮೆರೀನ್ ಕಥೆ. 1957ರ 'ದಿ ಎನಿಮಿ ಬಿಲೋ' ಎಂಬ ಸಿನಿಮಾದ ಅಚ್ಚಿನಲ್ಲೇ ಈ ಕಂತನ್ನು ಎರಕ ಹೊಯ್ದಿದ್ದಾರೆ. ಸಮುದ್ರದಲ್ಲಿ ಸಬ್‌ಮೆರೀನ್ ಅಡಗುವುದು ಹೇಗೆ? ಸದ್ದು ಮಾಡದೆ ಕೂತು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ, ಹಾಗಾಗಿ ಒಂದು ಸ್ಪ್ಯಾನರ್ ಕೆಳಗೆ ಬಿದ್ದರೂ ಅಪಾಯ. ಧಾರಾವಾಹಿಯಲ್ಲೂ ಎರಡು ನೌಕೆಗಳು ಯಂತ್ರ ನಿಲ್ಲಿಸಿ ಮೌನವಾಗಿ ಕೂರುತ್ತವೆ. ನಾಟಕಕ್ಕೆ ಚೆನ್ನ. ಆದರೆ ಬಾಹ್ಯಾಕಾಶದಲ್ಲಿ ನೀವು ಎಷ್ಟು ಕಿರುಚಿದರೂ ಪಕ್ಕದ ನೌಕೆಗೆ ಕೇಳಿಸದು. ಅಲ್ಲಿ ಗುಟ್ಟು ಬಿಟ್ಟುಕೊಡುವುದು ಶಾಖ. ಒಳಗೆ ಮನುಷ್ಯರು ಬದುಕಿರಬೇಕಾದರೆ ನೌಕೆ ಬೆಚ್ಚಗಿರಲೇಬೇಕು. ಸುತ್ತಲಿನ ಬಾಹ್ಯಾಕಾಶವೋ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್. ಬೆಚ್ಚಗಿರುವ ಯಾವ ವಸ್ತುವೇ ಆದರೂ ಅವಕೆಂಪು ಕಿರಣಗಳನ್ನು ಹೊರಗೆ ಸೂಸುತ್ತದೆ. ಹೊರಗೆ ಬಿಡದೆ ಒಳಗೇ ತಡೆದಿಟ್ಟರೆ ಥರ್ಮಾಸ್ ಫ್ಲಾಸ್ಕಿನ ಚಹಾದ ಹಾಗೆ ಶಾಖ ಒಳಗೇ ಉಳಿದು, ಸಿಬ್ಬಂದಿಯೇ ಬೇಯಬೇಕಾಗುತ್ತದೆ. ಹಾಗಾಗಿ ಮಾಯವಾಗುವ ನೌಕೆ ಅಷ್ಟು ಸುಲಭದ ಮಾತಲ್ಲ.

ಅದೇ ಕಂತಿನಲ್ಲಿ ಇನ್ನೊಂದು ಉಪಾಯ ಇದೆ. ಶತ್ರು ಧೂಮಕೇತುವಿನ ಬಾಲದೊಳಗೆ ನುಗ್ಗಿದರೆ ಅದರ ಜಾಡು ಕಾಣುತ್ತದೆ, ಆಗ ಹಿಡಿಯೋಣ ಎಂದು ಕರ್ಕ್ ಯೋಚಿಸುತ್ತಾನೆ. ಕೇಳಲು ಸೊಗಸು. ಆದರೆ ಧೂಮಕೇತುವಿನ ಬಾಲ ನಂಬಲಾರದಷ್ಟು ತೆಳು. 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದ ಮೂಲಕವೇ ನಮ್ಮ ಭೂಮಿ ಹಾದುಹೋಯಿತು, ಹೆದರಿದವರು ಹೆದರಿದರೇ ಹೊರತು ಭೂಮಿಗೆ ಏನೂ ಆಗಲಿಲ್ಲ.

ಈಗ ಬೆಳಕಿನ ವಿಷಯ. ನನ್ನ ಮಟ್ಟಿಗೆ ಟಿವಿಯ ಬಾಹ್ಯಾಕಾಶ ಯುದ್ಧಗಳಲ್ಲೇ ಅತಿ ಚೆಂದದ ಯುಕ್ತಿ ಇದು. 1987ರಲ್ಲಿ 'ಸ್ಟಾರ್ ಟ್ರೆಕ್' ಹೊಸ ಕ್ಯಾಪ್ಟನ್ ಜೊತೆ ಮತ್ತೆ ಶುರುವಾಯಿತು, ಹೆಸರು ಜಾನ್ ಲೂಕ್ ಪಿಕಾರ್ಡ್. 'ದಿ ಬ್ಯಾಟಲ್' ಎಂಬ ಕಂತಿನಲ್ಲಿ ಅವನ ಹಳೆಯ ಯುದ್ಧವೊಂದರ ಕಥೆ ಬರುತ್ತದೆ. ಆಗ ಅವನ ನೌಕೆ ಸ್ಟಾರ್‌ಗೇಜರ್. ಅಪರಿಚಿತ ನೌಕೆಯೊಂದು ಹಠಾತ್ತಾಗಿ ಹೊಡೆದಿದೆ, ಇವನ ನೌಕೆಗೆ ಪೆಟ್ಟು ಬಿದ್ದಿದೆ. ಓಡಿಹೋಗುವ ಬದಲು ಪಿಕಾರ್ಡ್ ಕ್ಷಣಮಾತ್ರ ಬೆಳಕಿಗಿಂತ ಹೆಚ್ಚು ವೇಗದಲ್ಲಿ ಶತ್ರುವಿನ ಹತ್ತಿರಕ್ಕೇ ನುಗ್ಗಿ ನಿಲ್ಲುತ್ತಾನೆ. ಶತ್ರುವಿಗೆ ಒಂದೇ ನೌಕೆ ಎರಡು ಕಡೆ ಕಾಣುತ್ತದೆ! ಅವರು ತಪ್ಪು ನೌಕೆಗೆ ಗುರಿ ಇಡುತ್ತಾರೆ, ಅಷ್ಟರಲ್ಲಿ ಇವನು ಹೊಡೆದಾಗಿರುತ್ತದೆ.

ಇದು ಹೇಗೆ? ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸ್ಟಾರ್‌ಗೇಜರ್ 30 ಲಕ್ಷ ಕಿ.ಮೀ. ದೂರದಲ್ಲಿತ್ತು ಅಂದುಕೊಳ್ಳೋಣ. ಅಲ್ಲಿಂದ ಹೊರಟ ಬೆಳಕು ಶತ್ರುವಿನ ಕಣ್ಣಿಗೆ ಬೀಳಲು 10 ಸೆಕೆಂಡು ಬೇಕು. ನೌಕೆ ಒಂದೇ ಸೆಕೆಂಡಿನಲ್ಲಿ ಹತ್ತಿರ ಬಂದುಬಿಟ್ಟರೆ, ಹಳೆಯ ಜಾಗದಿಂದ ಮೊದಲೇ ಹೊರಟಿದ್ದ ಬೆಳಕು ಇನ್ನೂ ದಾರಿಯಲ್ಲೇ ಇದೆ. ಆ ಬೆಳಕು ಬಂದು ಮುಗಿಯುವ ತನಕ, ಅಂದರೆ ಸುಮಾರು 9 ಸೆಕೆಂಡು, ಹಳೆಯ ಜಾಗದಲ್ಲೂ ನೌಕೆ ನಿಂತಂತೆಯೇ ಕಾಣುತ್ತದೆ. ಬೆಳಕಿಗಿಂತ ವೇಗವಾಗಿ ಹೋಗುವುದು ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ಆಗದ ಮಾತು, ಅದನ್ನು ಕಥೆಗೆ ಬಿಟ್ಟುಕೊಡೋಣ. ಉಳಿದ ಲೆಕ್ಕ ಮಾತ್ರ ಸರಿಯಾಗಿದೆ. ದೂರದ ಯಾವುದೇ ವಸ್ತು ಈಗ ಹೇಗಿದೆ ಎಂದು ನಾವು ನೋಡುವುದೇ ಇಲ್ಲ. ಸೂರ್ಯನನ್ನೂ 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಳೆಯದಾಗಿ ನೋಡುತ್ತೇವೆ.

ನಿಜ ಜೀವನದ ಕ್ಯಾಪ್ಟನ್‌ಗಳಿಗೂ ಈ ಕಷ್ಟ ತಪ್ಪಿದ್ದಲ್ಲ. ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಡೆಸಿದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಆ ದಿನ ಅಲ್ಲಿಂದ ಒಂದು ಸಂದೇಶ ಇಲ್ಲಿಗೆ ಬರಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ನೌಕೆಯ ವೇಗ ತಗ್ಗಿಸಲು ಎಂಜಿನ್ ಉರಿಯಬೇಕಾದದ್ದು ಸುಮಾರು 23 ನಿಮಿಷ. ಏನಾದರೂ ಎಡವಟ್ಟಾಗಿ, ಅದನ್ನು ಕಂಡು ಇಲ್ಲಿಂದ ಉತ್ತರ ಕಳಿಸುವಷ್ಟರಲ್ಲಿ ಎಲ್ಲಾ ಮುಗಿದೇ ಹೋಗಿರುತ್ತಿತ್ತು. ಅದಕ್ಕೇ ಆಜ್ಞೆಗಳನ್ನೆಲ್ಲ ಮುಂಚಿತವಾಗಿ ನೌಕೆಯ ಕಂಪ್ಯೂಟರಿಗೆ ತುಂಬಿಸಿಟ್ಟಿದ್ದರು. ಕುರ್ಚಿಯಲ್ಲಿ ಕೂತವರು ಮಾಡಬೇಕಾದ ಯೋಚನೆ ಎಷ್ಟೋ ದಿನ ಮೊದಲೇ ಮುಗಿದಿತ್ತು.

ಇನ್ನು ನೌಕೆಯ ಓಟ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಬಸ್ಸು ಹತ್ತಿ ತಾಳವಾಡಿ ಕಡೆಗೆ ಬಂದವರಿಗೆ ಗೊತ್ತು, ತಿರುವಿನಲ್ಲಿ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಬಸ್ಸು ತಿರುಗುವುದು ಟಯರು ಮತ್ತು ರಸ್ತೆಯ ನಡುವಿನ ಘರ್ಷಣೆಯಿಂದ. ಬಾಹ್ಯಾಕಾಶದಲ್ಲಿ ರಸ್ತೆ ಎಲ್ಲಿದೆ? ನೌಕೆಯ ಮೂತಿಯನ್ನು ತಿರುಗಿಸಿದರೂ ಅದು ಮೊದಲಿನ ದಿಕ್ಕಿನಲ್ಲೇ ಮುಂದುವರಿಯುತ್ತದೆ. ನ್ಯೂಟನ್ನನ ಮೊದಲನೇ ನಿಯಮ. ಇದನ್ನು ಗಂಭೀರವಾಗಿ ತೆಗೆದುಕೊಂಡ ಧಾರಾವಾಹಿ 2015ರಲ್ಲಿ ಶುರುವಾದ 'ದಿ ಎಕ್ಸ್‌ಪ್ಯಾನ್ಸ್'. ಅದರಲ್ಲಿ ರೋಸಿನಾಂಟೆ ಎಂಬ ನೌಕೆಗೆ ಜೇಮ್ಸ್ ಹೋಲ್ಡನ್ ಕ್ಯಾಪ್ಟನ್. ನಿಲ್ಲಬೇಕಾದರೆ ನೌಕೆ ಪೂರ್ತಿ ತಿರುಗಿ ಎಂಜಿನ್ನನ್ನು ಮುಂದಕ್ಕೆ ಮಾಡಿಕೊಂಡು ಉರಿಸಬೇಕು. ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿದ್ದರೆ, 10 ಮೀ/ಸೆ² ವೇಗೋತ್ಕರ್ಷದಲ್ಲಿ ನಿಲ್ಲಲು 3000 ಸೆಕೆಂಡು ಬೇಕು, ಅಂದರೆ 50 ನಿಮಿಷ. ಅವಸರವಿದೆ, 10 ನಿಮಿಷದಲ್ಲಿ ನಿಲ್ಲಬೇಕು ಅಂದರೆ ಐದು ಪಟ್ಟು ವೇಗೋತ್ಕರ್ಷ ಬೇಕು. ಆಗ 40 ಕಿಲೋ ತೂಕದ ಹುಡುಗನಿಗೆ ತನ್ನ ಮೈ 200 ಕಿಲೋ ಇದ್ದಂತೆ ಅನಿಸುತ್ತದೆ. ಅದಕ್ಕೇ ಆ ನೌಕೆಯವರು ಕುರ್ಚಿಗೆ ಬಿಗಿದುಕೊಂಡು, ಮೈ ತಡೆದುಕೊಳ್ಳಲಿ ಎಂದು ಔಷಧಿ ಚುಚ್ಚಿಸಿಕೊಳ್ಳುತ್ತಾರೆ. ಅಲ್ಲಿ ಕ್ಯಾಪ್ಟನ್ "ಬೇಗ" ಎಂದು ಹೇಳುವ ಪ್ರತಿ ಸಲವೂ ಯಾರದೋ ಎದೆಯ ಮೇಲೆ ಭಾರ ಬೀಳುತ್ತದೆ.

ಗುಂಡಿನ ಲೆಕ್ಕವೂ ಹೀಗೇ. ಸೆಕೆಂಡಿಗೆ 10 ಕಿ.ಮೀ. ಓಡುವ ಗುಂಡನ್ನು 1000 ಕಿ.ಮೀ. ದೂರದ ನೌಕೆಗೆ ಹೊಡೆದೆವು ಅಂದುಕೊಳ್ಳಿ. ತಲುಪಲು 100 ಸೆಕೆಂಡು. ಅಷ್ಟು ಹೊತ್ತು ಆ ನೌಕೆ 10 ಮೀ/ಸೆ² ವೇಗೋತ್ಕರ್ಷದಲ್ಲಿ ಪಕ್ಕಕ್ಕೆ ಸರಿದರೆ? s = ½at² ಸೂತ್ರಕ್ಕೆ ಹಾಕಿ ನೋಡಿ, 50 ಕಿ.ಮೀ. ಆಚೆ ಇರುತ್ತದೆ. ತಪ್ಪಿದ ಗುಂಡು ಕೆಳಗೆ ಬೀಳುವುದೂ ಇಲ್ಲ, ಗಾಳಿ ಇಲ್ಲದ ಕಡೆ ಅದು ಹೋಗುತ್ತಲೇ ಇರುತ್ತದೆ. ಯಾರಿಗೆ ತಾಗೀತೋ! ಗುಂಡಿಗೆ ಬುದ್ಧಿ ಇಲ್ಲ, ಕರೆದರೆ ವಾಪಸ್ ಬರುವುದಿಲ್ಲ.

ಟಾರ್ಪೆಡೊ ಹಾಗಲ್ಲ, ದಾರಿಯಲ್ಲಿದ್ದಾಗಲೂ ರೇಡಿಯೋ ಆಜ್ಞೆ ಕೇಳುತ್ತದೆ. ಧಾರಾವಾಹಿಯ ಕೊನೆಯ ಭಾಗದಲ್ಲಿ ಹೋಲ್ಡನ್ ತನ್ನ ದೊಡ್ಡ ಶತ್ರು ಮಾರ್ಕೋ ಇನಾರೋಸ್‌ನ ನೌಕೆಯ ಮೇಲೆ ಟಾರ್ಪೆಡೊ ಬಿಟ್ಟಿರುತ್ತಾನೆ. ಆಗ ಪರದೆಯಲ್ಲಿ ಆ ನೌಕೆಯೊಳಗಿನ ಹುಡುಗನ ಮುಖ ಕಾಣುತ್ತದೆ. ಹೋಲ್ಡನ್‌ನ ಜೊತೆಗಾತಿ ನವೋಮಿಯ ಮಗ ಫಿಲಿಪ್. ಯಾರಿಗೂ ಹೇಳದೆ ಹೋಲ್ಡನ್ ಟಾರ್ಪೆಡೊ ಸಿಡಿಯದಂತೆ ಮಾಡಿಬಿಡುತ್ತಾನೆ. ಇನಾರೋಸ್ ತಪ್ಪಿಸಿಕೊಳ್ಳುತ್ತಾನೆ, ಯುದ್ಧ ಮುಂದುವರಿಯುತ್ತದೆ, ಬೇರೆಯವರು ಸಾಯುತ್ತಾರೆ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಭೌತಶಾಸ್ತ್ರ ಹೇಳುವುದಿಲ್ಲ. ಮನಸ್ಸು ಬದಲಿಸಲು ಅವನಿಗೆ ಎಷ್ಟು ಹೊತ್ತು ಇತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಒಂದು ಲೆಕ್ಕ ನಿಮಗೆ ಬಿಡುತ್ತೇನೆ. ಟಾರ್ಪೆಡೊ ನಿಮ್ಮ ನೌಕೆಯಿಂದ 45 ಲಕ್ಷ ಕಿ.ಮೀ. ದೂರದಲ್ಲಿದೆ, ಗುರಿ ಮುಟ್ಟಲು ಇನ್ನು 12 ಸೆಕೆಂಡು ಉಳಿದಿದೆ. ನೀವು ಈಗಲೇ "ಬೇಡ" ಎಂಬ ರೇಡಿಯೋ ಆಜ್ಞೆ ಕಳಿಸುತ್ತೀರಿ. ಅದು ಸಮಯಕ್ಕೆ ತಲುಪುತ್ತದಾ?